ಮೊದಲ ಮಳೆಗಾಲದ ನೀರು ಯಾರ ಲೆಕ್ಕಕ್ಕೆ? ಹೆದ್ದಾರಿ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯ ಎಂಜಿನಿಯರ್ ಅವರಿಗೆ ಹಾಗೂ ಮಲೆನಾಡು, ಕರಾವಳಿ ಭಾಗದ ಹೆದ್ದಾರಿ ಯೋಜನಾ ನಿರ್ದೇಶಕರಿಗೆ,

ನಮಸ್ಕಾರ.

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ ರಸ್ತೆ, ಸೇತುವೆ ಕಾಮಗಾರಿಗಳಿಗೆಂದು ಹೊರಡಿಸಿರುವ ತಾಂತ್ರಿಕ ನಿಯಮಗಳ ದಪ್ಪ ಪುಸ್ತಕ ತಮ್ಮ ಕಚೇರಿಯ ಕಪಾಟಿನಲ್ಲಿ ಇದ್ದೇ ಇರುತ್ತದೆ. 2013ರ ಐದನೇ ಪರಿಷ್ಕರಣೆಯಲ್ಲಿ 306ನೇ ಷರತ್ತನ್ನು ದಯವಿಟ್ಟು ಒಮ್ಮೆ ತೆರೆದು ನೋಡಿ. ಮಣ್ಣಿನ ಸವಕಳಿ ಮತ್ತು ಹೂಳು ತಡೆಯುವುದಕ್ಕೆ ಸಂಬಂಧಿಸಿದ್ದು ಅದು. ಬದು, ಒಡ್ಡು, ಹೂಳುಗುಂಡಿ, ನಾರಿನ ಚಾಪೆ, ಹುಲ್ಲು ಇವುಗಳ ಸಾಲಿನಲ್ಲಿಯೇ ಇಳಿಜಾರು ಚರಂಡಿಯ ಹೆಸರೂ ಸ್ಪಷ್ಟವಾಗಿ ಅಚ್ಚಾಗಿದೆ. ಗುತ್ತಿಗೆದಾರ ಮಣ್ಣಿಗೆ ಕೈ ಹಾಕುವ ಮೊದಲೇ ತಾತ್ಕಾಲಿಕ ಮತ್ತು ಕಾಯಂ ಸವಕಳಿ ತಡೆಯ ವೇಳಾಪಟ್ಟಿಯನ್ನು ಎಂಜಿನಿಯರ್ ಅವರ ಒಪ್ಪಿಗೆಗೆ ಸಲ್ಲಿಸಬೇಕೆಂದು ಅಲ್ಲಿಯೇ ಇದೆ. ಅಗೆದು ಬೆತ್ತಲೆ ಮಾಡಿದ ನೆಲ ಸಾಧ್ಯವಾದಷ್ಟೂ ಕಡಿಮೆ ಇರಬೇಕೆಂದೂ ಇದೆ.

ಇದ್ದ ಷರತ್ತನ್ನು ನೆಲಕ್ಕೆ ಇಳಿಸಿ ಎಂಬುದಷ್ಟೇ ನನ್ನ ಕೋರಿಕೆ. ಅದರಲ್ಲೂ ಇಡೀ ಷರತ್ತಿನ ಬಗ್ಗೆ ಬರೆಯಲು ಹೋಗುವುದಿಲ್ಲ. ತಾತ್ಕಾಲಿಕ ಇಳಿಜಾರು ಚರಂಡಿ, ಅಂದರೆ ಕಡಿದ ಗುಡ್ಡದ ನೆತ್ತಿಯ ನೀರನ್ನು ಮಣ್ಣಿಗೆ ತಾಗದಂತೆ ಬುಡಕ್ಕೆ ಇಳಿಸುವ ಕೊಳವೆ, ಎಂಬ ಒಂದೇ ಸಂಗತಿಯನ್ನು ಹಿಡಿದುಕೊಂಡಿದ್ದೇನೆ. ನೌಕರಿಯ ಬಹುಪಾಲನ್ನು ಘಟ್ಟದ ರಸ್ತೆಗಳ ಮೇಲೆಯೇ ಕಳೆದು ನಿವೃತ್ತನಾದವನು ನಾನು. ಈಗ ಅದೇ ರಸ್ತೆಗಳಲ್ಲಿ ಬಸ್ಸಿನ ಕಿಟಕಿಯ ಪಕ್ಕ ಕುಳಿತು ಹೋಗುವಾಗ ಹೊಸದಾಗಿ ಕಡಿದ ಧರೆಯ (ರಸ್ತೆಗಾಗಿ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮೈಯ) ನೆತ್ತಿಯನ್ನು ನೋಡುವ ಚಟ ಬಿಟ್ಟಿಲ್ಲ. ರೋಗದ ಮೂಲ ಅಲ್ಲಿರುತ್ತದೆ. ನಾವು ನೋಡುವುದು ಮಾತ್ರ ಕೆಳಗೆ, ರಸ್ತೆಗೆ ಬಿದ್ದ ಮಣ್ಣನ್ನು.

ಕಾಮಗಾರಿಯ ಕ್ರಮ ಹೇಗಿರುತ್ತದೆ ಎಂಬುದು ತಮಗೆ ತಿಳಿಯದ್ದಲ್ಲ. ಡಿಸೆಂಬರ್‌ನಿಂದ ಮೇ ತನಕ ಹಿಟಾಚಿಗಳು ಗುಡ್ಡ ಕಡಿಯುತ್ತವೆ. ಧರೆಯ ನೆತ್ತಿಗಿಂತ ಮೇಲೆ ಗುಡ್ಡದ ನೀರನ್ನು ಅಡ್ಡಗಟ್ಟುವ ಕಾಯಂ ಕಾಲುವೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಾಂಕ್ರೀಟ್ ಚರಂಡಿ, ತಡೆಗೋಡೆ, ರಸ್ತೆಬದಿಯ ಚರಂಡಿ ಇವೆಲ್ಲ ನಕ್ಷೆಯಲ್ಲಿ ಇರುತ್ತವೆ, ಚೆನ್ನಾಗಿಯೇ ಇರುತ್ತವೆ. ಆದರೆ ಅವು ಬರುವುದು ಧರೆ ಅಂತಿಮ ರೂಪಕ್ಕೆ ಬಂದ ಮೇಲೆ. ಭೂಸ್ವಾಧೀನದ ತಕರಾರು, ಅರಣ್ಯ ಇಲಾಖೆಯ ಅನುಮತಿ, ಬಿಲ್ ಪಾವತಿಯ ವಿಳಂಬ ಎಲ್ಲ ಸೇರಿ ಆ ಅಂತಿಮ ರೂಪ ಒಂದು ಮಳೆಗಾಲ ಆಚೆ ಹೋಗುತ್ತದೆ, ಕೆಲವು ಕಡೆ ಎರಡು. ಜೂನ್ ಮೊದಲ ವಾರಕ್ಕೆ ಮುಂಗಾರು ಕರಾವಳಿ ಮುಟ್ಟಿದಾಗ ಅಲ್ಲಿರುವುದು ಹಸಿ ಗಾಯದಂಥ ನೆಲ, ನೀರಿಗೆ ದಾರಿಯೇ ಇಲ್ಲ. ಆ ಮಧ್ಯಕಾಲವನ್ನು ದಾಟಿಸುವುದಕ್ಕಾಗಿಯೇ ತಾತ್ಕಾಲಿಕ ಚರಂಡಿ ಇರುವುದು. ನಮ್ಮ ಗುತ್ತಿಗೆಗಳಲ್ಲಿ ಆ ಮೊದಲ ಮಳೆಗಾಲ ಯಾರ ಲೆಕ್ಕಕ್ಕೂ ಸೇರಿಲ್ಲ.

ಸ್ವಲ್ಪ ಗಣಿತ ಮಾಡೋಣ. ಧರೆಯ ಮೇಲಿನ ಒಂದು ಹೆಕ್ಟೇರ್ ಗುಡ್ಡದ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಅಷ್ಟೂ ಸೇರಿ 10 ಲಕ್ಷ ಲೀಟರ್ ನೀರು. ಜುಲೈ ತಿಂಗಳ ಘಟ್ಟದಲ್ಲಿ ಇದು ಅಪರೂಪದ ಮಳೆಯಲ್ಲ. ಅದೇ ಜಾಗದಲ್ಲಿ ಗಂಟೆಗೆ 60 ಮಿಲಿಮೀಟರ್ ವೇಗದಲ್ಲಿ ಸುರಿದು, ಅದರಲ್ಲಿ ನೂರಕ್ಕೆ ಅರವತ್ತು ಭಾಗ ಮಾತ್ರ ಮೇಲೆ ಹರಿದು ಉಳಿದದ್ದು ನೆಲಕ್ಕೆ ಇಂಗಿತು ಎಂದಿಟ್ಟುಕೊಂಡರೂ ಧರೆಯ ಅಂಚಿಗೆ ಬರುವುದು ಸೆಕೆಂಡಿಗೆ 100 ಲೀಟರ್. ಈ ನೀರು ಅಂಚಿನ ಉದ್ದಕ್ಕೂ ಸಮನಾಗಿ ಹಂಚಿ ಇಳಿಯುವುದಿಲ್ಲ. ದನ ಓಡಾಡಿದ ದಾರಿಯೋ, ಹಿಟಾಚಿಯ ಚೈನು ತುಳಿದ ತಗ್ಗೋ, ಎಲ್ಲಿ ಒಂದು ಗೇಣು ಇಳುಕಲಿದೆಯೋ ಅಲ್ಲಿಗೆ ಎಲ್ಲವೂ ನುಗ್ಗುತ್ತದೆ.

ಘಟ್ಟದ ಬುಡದಲ್ಲಿ, ಕರಾವಳಿಯ ಮಗ್ಗುಲಿನ ಒಂದು ಕಾಮಗಾರಿಯಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ಮೇಲೆ ಮುರಕಲ್ಲಿನ ಗಟ್ಟಿ ಪದರ, ಅದರ ಕೆಳಗೆ ಶೇಡಿ ಮಣ್ಣು. ಒಣಗಿದಾಗ ಶೇಡಿ ಮಣ್ಣಿಗೆ ಗುದ್ದಲಿ ಹಾಕಿದರೆ ಕೈ ನೋಯುತ್ತದೆ, ನೆನೆದರೆ ಅದೇ ಮಣ್ಣು ಬೆರಳ ಸಂದಿಯಲ್ಲಿ ಜಾರುತ್ತದೆ. ರಾತ್ರಿ ಮಳೆ ಸುರಿದಿತ್ತು. ಬೆಳಿಗ್ಗೆ ನೆತ್ತಿಯ ಒಂದೇ ತಗ್ಗಿನಿಂದ ಇಳಿದ ನೀರು ಆಳು ಮುಳುಗುವಷ್ಟು ಆಳದ ಕೊರಕಲು ತೋಡಿತ್ತು. ಮುರಕಲ್ಲು ಹಾಗೆಯೇ ಇತ್ತು. ಅದರ ಅಡಿಯ ಶೇಡಿ ಮಣ್ಣು ತಿಂದುಹೋಗಿ, ಕಲ್ಲು ಆಧಾರವಿಲ್ಲದೆ ಮುಂದಕ್ಕೆ ಚಾಚಿಕೊಂಡಿತ್ತು. ಕೆಳಗೆ ಮೂವರು ಕಾರ್ಮಿಕರು ಸಲಿಕೆ ಹಿಡಿದು ಚರಂಡಿಗೆ ತುಂಬಿದ ಕೆಸರನ್ನು ಎತ್ತಿ ಹಾಕುತ್ತಿದ್ದರು. ಅವರನ್ನು ಅಲ್ಲಿಂದ ಎಬ್ಬಿಸುವುದಕ್ಕೆ ಮೇಸ್ತ್ರಿಯೊಡನೆ ಜಗಳವೇ ಆಡಬೇಕಾಯಿತು. ಮಧ್ಯಾಹ್ನ ಆ ಕಲ್ಲಿನ ಅಟ್ಟ ಬಿತ್ತು. ಇಂಥ ಕಡೆ ಧರೆ ‘ಇದ್ದಕ್ಕಿದ್ದಂತೆ’ ಕುಸಿಯಿತು ಎಂದು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಇದ್ದಕ್ಕಿದ್ದಂತೆ ಏನೂ ಆಗಿರುವುದಿಲ್ಲ.

ಇಷ್ಟಕ್ಕೆ ಬೇಕಾಗಿದ್ದ ಪರಿಹಾರ ನಾಚಿಕೆಯಾಗುವಷ್ಟು ಸರಳ. ಧರೆಯ ನೆತ್ತಿಗುಂಟ ಒಂದು ಬದು. ಬದುವಿನಿಂದ ಬಂದ ನೀರು ಸೇರುವ ತಗ್ಗಿನಲ್ಲಿ ಒಂದು ಕೊಳವೆಯ ಬಾಯಿ. ಅಲ್ಲಿಂದ ಇಳಿಜಾರಿನ ಬುಡದವರೆಗೂ ಎಲ್ಲಿಯೂ ಮಣ್ಣಿಗೆ ತಾಗದೆ ನೀರನ್ನು ಇಳಿಸುವ ಕೊಳವೆ. ಬುಡದಲ್ಲಿ ಕಾಡುಗಲ್ಲು ಹಾಸಿದ ಜಾಗ. ಅದರಾಚೆ ಒಂದು ಹೂಳುಗುಂಡಿ. ನಮ್ಮ ಹಳೆಯ ಮನೆಗಳಲ್ಲಿ ಮಾಡಿನ ನೀರು ಮಣ್ಣಿನ ಗೋಡೆಗೆ ಬಡಿಯದಂತೆ ಅಡಿಕೆ ಮರದ ದಂಬೆ ಕಟ್ಟಿ ಅಂಗಳದಾಚೆ ಬಿಡುತ್ತಿದ್ದರಲ್ಲ, ಕೆಲಸ ಅದೇ. ಸುಕ್ಕುಗಟ್ಟಿದ, ಗಟ್ಟಿ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಕೊಳವೆ ಸಾಕು. ಕಾಯಂ ಚರಂಡಿ ಮುಗಿದ ಮೇಲೆ ಬಿಚ್ಚಿ ಮುಂದಿನ ಧರೆಗೆ ಒಯ್ಯಬಹುದು. ಕಾಂಕ್ರೀಟ್ ಚರಂಡಿಗೆ ಆ ಅನುಕೂಲವಿಲ್ಲ.

ಕೊಳವೆಯ ಗಾತ್ರಕ್ಕೆ ಅಮೆರಿಕದ ಹಲವು ರಾಜ್ಯಗಳ ಕೈಪಿಡಿಗಳು ಬಹುಕಾಲದಿಂದ ಒಂದು ಸರಳ ಅಳತೆ ಇಟ್ಟುಕೊಂಡಿವೆ. ಅರ್ಧ ಎಕರೆಯ ನೀರಿಗೆ 300 ಮಿಲಿಮೀಟರ್ ವ್ಯಾಸ, ಒಂದೂವರೆ ಎಕರೆಗೆ 450, ಮೂರೂವರೆ ಎಕರೆಗೆ 600, ಐದು ಎಕರೆಗೆ 750. ಐದು ಎಕರೆ ಮೀರಿದರೆ ಒಂದೇ ಕೊಳವೆ ನೆಚ್ಚಿಕೊಳ್ಳಬಾರದು, ನೀರನ್ನು ಎರಡು ಮೂರು ಕಡೆ ಒಡೆಯಬೇಕು. ಆಗುಂಬೆಯಂಥ ಕಡೆ, ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಜಾಗದಲ್ಲಿ, ಈ ಅಳತೆಯನ್ನು ಕಣ್ಣು ಮುಚ್ಚಿ ನಕಲು ಮಾಡಬೇಡಿ. ನಮ್ಮ ಮಳೆಯ ತೀವ್ರತೆ ಹಾಕಿ ಮತ್ತೊಮ್ಮೆ ಲೆಕ್ಕ ಮಾಡಿಸಿ, ಒಂದು ಗಾತ್ರ ಮೇಲಿನದನ್ನೇ ಹಾಕಿಸಿ. ಕೊಳವೆ ದೊಡ್ಡದಾಯಿತೆಂದು ಯಾವ ಗುಡ್ಡವೂ ಜರಿದಿಲ್ಲ.

ಕೆಲಸ ಕೆಡುವುದು ಗಾತ್ರದಲ್ಲಿ ಅಲ್ಲ, ಬಾಯಿಯಲ್ಲಿ. ‘ನಾವೂ ಪೈಪ್ ಹಾಕಿದ್ದೆವು ಸಾರ್, ಕೊಚ್ಚಿಕೊಂಡು ಹೋಯಿತು’ ಎಂದು ಹೇಳುವ ಗುತ್ತಿಗೆದಾರರ ಕಾಮಗಾರಿಗೆ ಹೋಗಿ ನೋಡಿದ್ದೇನೆ. ಕೊಳವೆಯ ಬಾಯಿಯ ಸುತ್ತ ಸಡಿಲ ಮಣ್ಣನ್ನು ಎಳೆದು ಹಾಕಿ ಬಿಟ್ಟಿರುತ್ತಾರೆ. ನೀರು ಕೊಳವೆಯೊಳಗೆ ಹೋಗುವ ಬದಲು ಅದರ ಹೊಟ್ಟೆಯ ಕೆಳಗೆ ದಾರಿ ಮಾಡಿಕೊಳ್ಳುತ್ತದೆ. ಅರ್ಧ ಗಂಟೆಯ ಮಳೆಯಲ್ಲಿ ಕೊಳವೆ ಗಾಳಿಯಲ್ಲಿ ತೂಗುತ್ತಿರುತ್ತದೆ, ಅದರ ಕೆಳಗೆ ಕೊರಕಲು. ಬಾಯಿಯ ಕೆಳಗೂ ಎರಡೂ ಬದಿಗೂ ಮಣ್ಣನ್ನು ಗೇಣು ಗೇಣು ದಪ್ಪದ ಪದರಗಳಾಗಿ ಹಾಕಿ ದಿಮ್ಮಸು ಬಡಿದು ಗಟ್ಟಿ ಮಾಡಬೇಕು, ಮರಳು ಚೀಲ ಪೇರಿಸಬೇಕು. ಆ ಜಾಗದಲ್ಲಿ ಬದುವಿನ ಎತ್ತರ ಕೊಳವೆಯ ನೆತ್ತಿಗಿಂತ ಕನಿಷ್ಠ 30 ಸೆಂಟಿಮೀಟರ್ ಹೆಚ್ಚಿರಬೇಕು. ಇಲ್ಲವಾದರೆ ಬಾಯಿ ತುಂಬಿದ ಕ್ಷಣವೇ ನೀರು ಬದುವನ್ನು ಹಾರುತ್ತದೆ. ಇಳಿಜಾರಿನ ಉದ್ದಕ್ಕೂ ಸುಮಾರು ಮೂರು ಮೀಟರಿಗೊಂದರಂತೆ ಗೂಟ ಹೊಡೆದು ಕೊಳವೆಯನ್ನು ಬಿಗಿಯಬೇಕು. ನೀರು ತುಂಬಿದ ಕೊಳವೆಯ ಭಾರ ಎಷ್ಟೆಂಬುದನ್ನು ಖಾಲಿ ಕೊಳವೆ ಹೊತ್ತು ತಂದವನು ಊಹಿಸಿರುವುದಿಲ್ಲ. ಜೋಡಣೆಗಳಲ್ಲಿ ಹನಿ ಸೋರಿದರೂ ಅಲ್ಲೇ ಮುಂದಿನ ಕೊರಕಲು ಹುಟ್ಟುತ್ತದೆ.

ಇನ್ನೊಂದು ಪಿಡುಗು, ಇಳಿಜಾರಿನ ಅರ್ಧದಲ್ಲೇ ಕೊಳವೆ ನಿಲ್ಲಿಸುವುದು. ಉಳಿದ ಉದ್ದಕ್ಕೆ ಕೊಳವೆ ಸಾಲಲಿಲ್ಲ ಎನ್ನುತ್ತಾರೆ. ಅದಕ್ಕಿಂತ ಕೊಳವೆಯೇ ಇಲ್ಲದಿರುವುದು ವಾಸಿ. ಅಲ್ಲಲ್ಲಿ ತಗ್ಗು ಹಿಡಿದು ಇಳಿಯುತ್ತಿದ್ದ ನೀರನ್ನು ಒಂದೇ ಕಡೆ ಕೂಡಿಸಿ, ವೇಗ ಕೊಟ್ಟು, ಬೆತ್ತಲೆ ಮಣ್ಣಿಗೆ ಗುರಿಯಿಟ್ಟು ಹೊಡೆದಂತಾಗುತ್ತದೆ ಅದು. ಹಾಗೆಯೇ ನೀಲಿ ಟಾರ್ಪಾಲು. ಶಾಸಕರೋ ಸಚಿವರೋ ಸ್ಥಳ ಪರಿಶೀಲನೆಗೆ ಬರುವ ದಿನ ಧರೆಗೆ ಟಾರ್ಪಾಲು ಹೊದಿಸುತ್ತಾರೆ. ಮಳೆಹನಿ ನೇರವಾಗಿ ಮಣ್ಣಿಗೆ ಬಡಿಯುವುದನ್ನು ಅದು ತಡೆಯುತ್ತದೆ, ಒಪ್ಪುತ್ತೇನೆ. ಆದರೆ ನೆತ್ತಿಯಲ್ಲಿ ಬದು ಇಲ್ಲದಿದ್ದರೆ ಗುಡ್ಡದ ನೀರು ಟಾರ್ಪಾಲಿನ ಅಡಿಯಲ್ಲೇ ನುಗ್ಗುತ್ತದೆ, ಕೊರೆತ ಕಣ್ಣಿಗೆ ಕಾಣದಂತೆ ನಡೆಯುತ್ತದೆ. ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಮಣ್ಣು ತುಂಬಿ ಏರಿಸುವ ಕಡೆ, ಅಂದರೆ ಸೇತುವೆ ಕೂಡುವ ಏರಿಗಳಲ್ಲಿ, ಇನ್ನೂ ಸುಲಭ. ಏರಿಯ ಎತ್ತರ ಹೆಚ್ಚಿದಂತೆ ಕೊಳವೆಗೆ ಮೇಲಿನಿಂದ ತುಂಡು ಸೇರಿಸುತ್ತಾ ಹೋಗಬೇಕು. ದಿನದ ಕೆಲಸ ನಿಲ್ಲಿಸುವ ಮುನ್ನ ಗ್ರೇಡರ್ ಚಾಲಕ ಅಂಚಿಗೆ ಒಂದು ಬದು ಎಳೆದು ಹೋದರೆ ಆ ರಾತ್ರಿಯ ಮಳೆಗೆ ಏರಿಯ ಮೈ ಸೀಳುವುದಿಲ್ಲ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು, ಇಲ್ಲವಾದರೆ ಕೊಳವೆ ಮಾರುವವನಂತೆ ಕಂಡೇನು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡವೇ ಬಂದು ಬಿತ್ತು. ರಸ್ತೆಬದಿಯ ಚಹಾ ಅಂಗಡಿ, ನಿಂತಿದ್ದ ವಾಹನಗಳು ಮಣ್ಣಿನೊಡನೆ ಗಂಗಾವಳಿ ನದಿಗೆ ಹೋದವು. ಒಂದು ಲಾರಿಯನ್ನು ನದಿಯಿಂದ ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಒಂದು ಕೊಳವೆ ಹಾಕಿದ್ದರೆ ಅದು ತಪ್ಪುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆಳದಿಂದ ಜಾರುವ ಗುಡ್ಡಕ್ಕೆ ಬೇರೆಯದೇ ಚಿಕಿತ್ಸೆ ಬೇಕು: ಕಡಿಯುವ ಕೋನ ತಗ್ಗಿಸಬೇಕು, ಒಳಗಿನ ಒರತೆಯನ್ನು ಅಡ್ಡ ಕೊರೆದ ರಂಧ್ರಗಳಿಂದ ಹೊರಕ್ಕೆ ಬಿಡಬೇಕು, ಕೆಲವು ಕಡೆ ಗುಡ್ಡಕ್ಕೆ ಕೈ ಹಾಕಲೇಬಾರದು. ವರ್ಷವಿಡೀ ಹರಿಯುವ ಹಳ್ಳಕ್ಕೂ ಈ ಕೊಳವೆ ಉತ್ತರವಲ್ಲ, ಅದಕ್ಕೆ ಸರಿಯಾದ ಮೋರಿ ಬೇಕು. ಇಳಿಜಾರು ಚರಂಡಿ ನೋಡಿಕೊಳ್ಳುವುದು ಮೇಲ್ಮೈ ನೀರನ್ನು. ಆದರೆ ಧರೆಯ ನೆತ್ತಿಯ ಬಿರುಕಿಗೆ ಇಳಿಯುವುದೂ, ಬುಡವನ್ನು ತಿನ್ನುವುದೂ ಇದೇ ಮೇಲ್ಮೈ ನೀರು. ಶಿರಾಡಿ ಘಾಟಿಯ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸಕಲೇಶಪುರದ ಬಳಿಯ ದೋಣಿಗಾಲ್ ಹೆಸರು ಕುಸಿತದಿಂದಾಗಿ 2021ರ ಜುಲೈಯಲ್ಲಿ ಎಲ್ಲರ ಬಾಯಿಗೆ ಬಂತು, 2024ರಲ್ಲಿ ಮತ್ತೆ ಬಂತು. 2019ರ ಆಗಸ್ಟ್ ಮಳೆಯ ನಂತರ ಚಾರ್ಮಾಡಿ ಘಾಟಿ ತಿಂಗಳುಗಟ್ಟಲೆ ಮುಚ್ಚಿತು. ಪ್ರತಿ ಬಾರಿಯೂ ನಾವು ದೊಡ್ಡ ಪರಿಹಾರಗಳ ಬಗ್ಗೆಯೇ ಮಾತನಾಡುತ್ತೇವೆ, ಸುರಂಗ ಮಾರ್ಗದ ತನಕ. ಮೇ ತಿಂಗಳಲ್ಲಿ ಹತ್ತು ಆಳು ನಾಲ್ಕು ದಿನ ಮಾಡಬಹುದಾದ ಕೆಲಸ ಯಾವ ಸಭೆಯ ನಡಾವಳಿಯಲ್ಲೂ ಬರುವುದಿಲ್ಲ.

ಇನ್ನು ಕೆಳಗಿನವರ ಕಥೆ. ಧರೆಯಿಂದ ತೊಳೆದು ಬಂದ ಮಣ್ಣು ರಸ್ತೆಯ ಮೇಲೆ ನಿಲ್ಲುವುದಿಲ್ಲ, ಮೋರಿಯ ಮೂಲಕ ಕೆಳಗಿನ ಗದ್ದೆ ತೋಟಗಳಿಗೆ ಇಳಿಯುತ್ತದೆ. ಜೂನ್ ಕೊನೆಗೆ ಸಸಿಮಡಿಯ ಮೇಲೆ ಕೆಂಪು ರಾಡಿ ಕೂತರೆ ಆ ವರ್ಷದ ನಾಟಿ ಹೋದಂತೆಯೇ. ಅಡಿಕೆ ತೋಟದ ಬಸಿಗಾಲುವೆ ಹೂಳು ತುಂಬಿ ನೀರು ನಿಂತರೆ ಬೇರು ಉಸಿರುಗಟ್ಟಿ ಗರಿ ಹಳದಿಯಾಗುತ್ತದೆ, ಆ ಪೆಟ್ಟಿನಿಂದ ಮರ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ರೈತ ಗುತ್ತಿಗೆದಾರನ ಕ್ಯಾಂಪಿಗೆ ಹೋದರೆ ‘ಪ್ರಕೃತಿ ವಿಕೋಪ, ತಹಶೀಲ್ದಾರರಿಗೆ ಅರ್ಜಿ ಕೊಡಿ’ ಎಂಬ ಉತ್ತರ. ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಹೂಳು ತೆಗೆಯಲು ನೆರವು ಸಿಗಬೇಕಾದರೆ ಹೊಲದಲ್ಲಿ ಮೂರು ಇಂಚಿಗಿಂತ ದಪ್ಪ ಹೂಳು ಕೂತಿರಬೇಕು, ಅದನ್ನು ಅಧಿಕಾರಿ ದೃಢೀಕರಿಸಬೇಕು. ಎರಡೂವರೆ ಇಂಚು ಕೂತವನಿಗೆ ಏನೂ ಇಲ್ಲ. ಒಬ್ಬ ಗುತ್ತಿಗೆದಾರ ಕಟ್ಟದೇ ಬಿಟ್ಟ ಬದುವಿನ ಬೆಲೆಯನ್ನು ಸರ್ಕಾರದ ವಿಪತ್ತು ನಿಧಿ ಮತ್ತು ಕೆಳಗಿನ ಗದ್ದೆಯವನು ಹಂಚಿಕೊಂಡು ಕಟ್ಟುತ್ತಾರೆ ಎಂದಾಯಿತು. ಈ ಲೆಕ್ಕ ತಮ್ಮ ಇಲಾಖೆಯ ಯಾವ ಪುಸ್ತಕದಲ್ಲೂ ಕಾಣಿಸದಿರುವುದರಿಂದಲೇ ಅದು ಅಗ್ಗ ಎನಿಸುತ್ತದೆ.

ಗುತ್ತಿಗೆದಾರರನ್ನು ಮಾತ್ರ ಬೈದು ಪ್ರಯೋಜನವಿಲ್ಲ. 306ನೇ ಷರತ್ತಿನ ಪ್ರಕಾರ ಈ ಕೆಲಸಗಳನ್ನು ಪರಿಮಾಣ ಪಟ್ಟಿಯಲ್ಲಿ ಬರೆದ ಐಟಂಗಳ ಪ್ರಕಾರ ಅಳೆದು ಹಣ ಕೊಡಬೇಕು. ಪಟ್ಟಿಯಲ್ಲಿ ಐಟಮ್ಮೇ ಇಲ್ಲದಿದ್ದರೆ ಅಳೆಯುವುದೇನನ್ನು? ಈಗಂತೂ ಬಹುತೇಕ ದೊಡ್ಡ ಕಾಮಗಾರಿಗಳು ಇಪಿಸಿ ಮಾದರಿಯವು, ಅಂದರೆ ವಿನ್ಯಾಸ, ಸಾಮಗ್ರಿ, ನಿರ್ಮಾಣ ಮೂರನ್ನೂ ಗುತ್ತಿಗೆದಾರನೇ ಹೊರುವ ಒಟ್ಟು ಮೊತ್ತದ ಗುತ್ತಿಗೆ. ಅಲ್ಲಿ ಬಿಲ್ ಆಗುವುದು ಗುತ್ತಿಗೆ ಪತ್ರದ ಅನುಸೂಚಿ ‘ಎಚ್’ನಲ್ಲಿ ಹಂಚಿದ ಶೇಕಡಾವಾರು ಹಂತಗಳ ಪ್ರಕಾರ. ಇಷ್ಟು ಕಿಲೋಮೀಟರ್ ಮಣ್ಣು ಕೆಲಸ ಮುಗಿದರೆ ಇಷ್ಟು, ಡಾಂಬರು ಹಾಕಿದರೆ ಇಷ್ಟು. ಗುಡ್ಡ ಕಡಿದವನಿಗೆ ಹಣ ಬರುತ್ತದೆ, ಕಡಿದ ಗುಡ್ಡವನ್ನು ಮಳೆಯಿಂದ ಕಾಪಾಡಿದವನಿಗೆ ಒಂದು ಪೈಸೆ ಹೆಚ್ಚು ಬರುವುದಿಲ್ಲ. ಕಡಿದ ಧರೆ ಜರಿದು ಬಿದ್ದರೆ ಆ ಮಣ್ಣು ತೆಗೆಯುವ ಖರ್ಚು ಯಾರದ್ದೆಂದು ವರ್ಷಗಟ್ಟಲೆ ಪತ್ರ ವ್ಯವಹಾರ ನಡೆಯುತ್ತದೆ. ಇಂಥ ವ್ಯವಸ್ಥೆಯಲ್ಲಿ ಕೊಳವೆ ಹಾಕುವವನು ಸಜ್ಜನನೇ ಇರಬೇಕು. ಸಜ್ಜನಿಕೆಯ ಮೇಲೆ ಹೆದ್ದಾರಿ ಕಟ್ಟಲಾಗದು.

ಹಾಗಾಗಿ ನನ್ನ ಮೊದಲ ಕೋರಿಕೆ ಹಣದ್ದೇ. ಘಟ್ಟ ಮತ್ತು ಕರಾವಳಿಯ ಪ್ರತಿ ಹೊಸ ಟೆಂಡರಿನಲ್ಲಿ ತಾತ್ಕಾಲಿಕ ನೀರು ನಿರ್ವಹಣೆಯನ್ನು ಬೇರೆಯೇ ಐಟಂ ಆಗಿ ಬರೆಯಿರಿ. ಇಪಿಸಿ ಗುತ್ತಿಗೆಯಾದರೆ ಮಣ್ಣು ಕೆಲಸದ ಹಂತದಿಂದಲೇ ಒಂದು ಪಾಲು ತೆಗೆದಿಟ್ಟು, ನೆತ್ತಿಯ ಬದು ಮತ್ತು ಕೊಳವೆ ಸ್ಥಳದಲ್ಲಿದೆ ಎಂದು ಪ್ರಾಧಿಕಾರದ ಎಂಜಿನಿಯರ್ ಸಹಿ ಹಾಕಿದ ಮೇಲೆ ಬಿಡುಗಡೆ ಮಾಡಿ. ಸಹಿ ಹಾಕುವವರು ಮೇಲೆ ಹತ್ತಿ ನೋಡಬೇಕು. ಜೀಪಿನಿಂದ ಇಳಿಯದೆ ಧರೆ ಪರಿಶೀಲಿಸುವ ಪದ್ಧತಿಯನ್ನು ನಾನು ಬಲ್ಲೆ.

ಎರಡನೆಯದು ದಿನಾಂಕ. ಮೇ 15ರ ಹೊತ್ತಿಗೆ, ಕಡಿದು ಬಿಟ್ಟಿರುವ ಪ್ರತಿ ಧರೆಗೂ ತುಂಬಿದ ಪ್ರತಿ ಏರಿಗೂ ತಾತ್ಕಾಲಿಕ ಚರಂಡಿ ಇರಲೇಬೇಕು ಎಂದು ಆದೇಶಿಸಿ. ಅದಿಲ್ಲದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸದಾಗಿ ಒಂದು ಬುಟ್ಟಿ ಮಣ್ಣು ಕಡಿಯುವುದಕ್ಕೂ ಅವಕಾಶ ಬೇಡ. ಕೆಲಸ ನಿಧಾನವಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಜುಲೈಯಲ್ಲಿ ಹೆದ್ದಾರಿ ಬಂದ್ ಆಗಿ ಮಂಗಳೂರಿನ ಲಾರಿಗಳು ಸಾಲುಗಟ್ಟಿ ನಿಂತಾಗ ಕೆಲಸ ಎಷ್ಟು ವೇಗವಾಗಿರುತ್ತದೆ ಎಂದು ಆಕ್ಷೇಪಿಸುವವರನ್ನು ಕೇಳಿ.

ಮೂರನೆಯದು ತಪಾಸಣೆ. ಅಮೆರಿಕದಲ್ಲಿ ಒಂದು ಎಕರೆ ಅಥವಾ ಅದಕ್ಕಿಂತ ಹೆಚ್ಚು ನೆಲ ಕೆದಕುವ ಕಾಮಗಾರಿಗೆ ಮಳೆನೀರಿನ ಪರವಾನಗಿ ಬೇಕು. ಅಲ್ಲಿನ ಕೇಂದ್ರ ಪರವಾನಗಿಯ ಪ್ರಕಾರ ವಾರಕ್ಕೊಮ್ಮೆ ತಪಾಸಣೆ ನಡೆಯಬೇಕು, ಅಥವಾ ಎರಡು ವಾರಕ್ಕೊಮ್ಮೆ ಮಾಡಿ ಜೊತೆಗೆ ಕಾಲು ಇಂಚು ಮಳೆ ಬಿದ್ದಾಗಲೆಲ್ಲ 24 ಗಂಟೆಯೊಳಗೆ ಹೋಗಿ ನೋಡಬೇಕು. ಕಾಲು ಇಂಚು ಎಂದರೆ ಸುಮಾರು 6 ಮಿಲಿಮೀಟರ್. ನಮ್ಮ ಕಡೆ ಅದನ್ನು ಮಳೆ ಎಂದು ಯಾರೂ ಕರೆಯುವುದಿಲ್ಲ, ಕೊಡೆಯನ್ನೂ ಬಿಡಿಸುವುದಿಲ್ಲ. ನಮಗೆ ತಕ್ಕ ಮಿತಿಯನ್ನು ತಾವು ನಿಗದಿ ಮಾಡಿ. ಮಳೆಯ ಮಾಹಿತಿಗೆ ಪರದಾಡಬೇಕಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ, ಇಷ್ಟು ದಟ್ಟವಾದ ಜಾಲ ಇರುವ ರಾಜ್ಯಗಳು ಕಡಿಮೆ. ಕಾಮಗಾರಿಯ ಪಂಚಾಯಿತಿಯಲ್ಲಿ ಮಿತಿ ಮೀರಿ ಮಳೆಯಾದ ಮರುದಿನ ಬೆಳಿಗ್ಗೆ ಪ್ರತಿ ಕೊಳವೆಯ ಬಾಯಿ ನೋಡಬೇಕು, ಸಿಕ್ಕಿಕೊಂಡ ಸೊಪ್ಪು ಸದೆ ತೆಗೆಯಬೇಕು, ಗೂಟ ಬಿಗಿಯಬೇಕು, ಹೂಳುಗುಂಡಿ ಅರ್ಧ ತುಂಬಿದ್ದರೆ ಬರಿದು ಮಾಡಬೇಕು. ಇದಕ್ಕೆ ಎಂಜಿನಿಯರ್ ಬೇಕೆಂದಿಲ್ಲ, ಗುದ್ದಲಿ ಹಿಡಿದ ಇಬ್ಬರು ಸ್ಥಳೀಯರು ಸಾಕು. ನೀರು ಎಲ್ಲಿಂದ ಬರುತ್ತದೆ ಎಂಬುದು ಅವರಿಗೆ ಸಲಹಾ ಸಂಸ್ಥೆಗಿಂತ ಚೆನ್ನಾಗಿ ಗೊತ್ತಿರುತ್ತದೆ. ಧರೆ ಕಡಿಯುವ ಮೊದಲೇ ಅವರನ್ನು ಕೇಳುವುದು ಇನ್ನೂ ಒಳ್ಳೆಯದು.

ತಪಾಸಣೆಯ ದಿನಾಂಕ, ಕಿಲೋಮೀಟರ್ ಗುರುತು ಮತ್ತು ಫೋಟೊ ಇರುವ ಪಟ್ಟಿಯೊಂದನ್ನು ಕಾಮಗಾರಿಯ ಫಲಕದ ಪಕ್ಕದಲ್ಲೇ ತೂಗುಹಾಕಿಸಿ. ಕಾಮಗಾರಿಯ ಮೊತ್ತ, ಗುತ್ತಿಗೆದಾರರ ಹೆಸರು ಅಲ್ಲಿ ಈಗಾಗಲೇ ಇರುತ್ತವೆ. ಕೆಳಗಿನ ತೋಟದವರೂ ಓದಿಕೊಳ್ಳಲಿ, ತಪ್ಪಿದ್ದರೆ ಅವರೇ ಹೇಳುತ್ತಾರೆ.

ಗುತ್ತಿಗೆದಾರರು ಕೊಳವೆಗೆ ಆದೇಶ ಕೊಟ್ಟು, ಅದು ಬಂದು, ಘಟ್ಟದ ಮೇಲಿನ ಕಾಮಗಾರಿಗಳಿಗೆ ಹಂಚಿಕೆಯಾಗಲು ವಾರಗಳೇ ಹಿಡಿಯುತ್ತವೆ. ಆದ್ದರಿಂದ ತಮ್ಮ ಆದೇಶ ಏಪ್ರಿಲ್ ಮಧ್ಯದೊಳಗೆ ಹೊರಬಿದ್ದರೆ ಈ ವರ್ಷದ ಮಳೆಗೆ ಉಪಯೋಗವಾದೀತು. ಯಾವುದಾದರೂ ಒಂದು ಕಾಮಗಾರಿಯಲ್ಲಿ ಪ್ರಾಯೋಗಿಕವಾಗಿ ಮಾಡಿ ತೋರಿಸಬೇಕೆಂದರೆ ನಾನು ಬರುತ್ತೇನೆ. ಭತ್ಯೆ ಬೇಡ, ಮೇಲೆ ಹತ್ತಲು ಏಣಿ ಇದ್ದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಸಕಲೇಶಪುರ ತಾಲ್ಲೂಕಿನ ಒಬ್ಬ ನಿವೃತ್ತ ಎಂಜಿನಿಯರ್